ವಚನಭಂಗವೂ ಶಸ್ತ್ರವೃದ್ಧಿಯೂ: ಬಿದನೂರಿನ ಬಾವಿಯಿಂದ ಬುಡಾಪೆಸ್ಟಿನವರೆಗೆ

2018ರ ಜುಲೈ ತಿಂಗಳಿನಲ್ಲಿ ನಮ್ಮ ಶಿವಮೊಗ್ಗ ಜಿಲ್ಲೆಯ ಹೊಸನಗರ ತಾಲೂಕಿನ ಬಿದನೂರು ನಗರದಲ್ಲಿ ಪುರಾತತ್ತ್ವ ಇಲಾಖೆಯವರು ಒಂದು ಪಾಳುಬಾವಿಯ ಹೂಳನ್ನು ತೆಗೆಸಿದಾಗ, ಸಾವಿರಕ್ಕೂ ಮಿಕ್ಕಿದ ಕಬ್ಬಿಣದ ಕೊಳವೆಗಳು ದೊರೆತವು. ತುಕ್ಕು ಹಿಡಿದ ಆ ಕೊಳವೆಗಳು ಹದಿನೆಂಟನೆಯ ಶತಮಾನದ ಮೈಸೂರು ಸೈನ್ಯದ ಅಗ್ನಿಬಾಣಗಳೆಂದು, ಅಂದರೆ ಇಂದಿನ ಮಾತಿನಲ್ಲಿ ರಾಕೆಟ್ಟುಗಳೆಂದು, ವಿದ್ವಾಂಸರು ಗುರುತಿಸಿದರು. ಬಾವಿಯ ಮಣ್ಣಿನಲ್ಲಿ ಇನ್ನೂ ಮದ್ದಿನ ವಾಸನೆಯಿತ್ತೆಂದು ಅಂದಿನ ವರದಿಗಳು ತಿಳಿಸಿದವು. ಕಬ್ಬಿಣದ ಕೊಳವೆಯಲ್ಲಿ ಪೆಟ್ಲುಪ್ಪು ಬೆರೆತ ಮದ್ದನ್ನು ಗಟ್ಟಿಸಿ ತುಂಬಿ, ಅದನ್ನು ಬಿದಿರಿನ ಗಳಕ್ಕೆ ಬಿಗಿದು ಹಾರಿಸುವ ಈ ಅಸ್ತ್ರವು ಅಂದಿನ ಜಗತ್ತಿನಲ್ಲಿ ಅತ್ಯಂತ ಮುಂದುವರಿದದ್ದಾಗಿತ್ತು. ಕಾಗದದ ಕೊಳವೆಗಳನ್ನೇ ಬಲ್ಲ ಯೂರೋಪಿನವರು ಇದನ್ನು ಕಂಡು ಬೆರಗಾದರು.

ಒಂದು ರಾಜ್ಯವು ತನ್ನ ಸಂಪತ್ತನ್ನೂ ಕುಶಲಕರ್ಮಿಗಳ ಬುದ್ಧಿಯನ್ನೂ ಇಂತಹ ಅಸ್ತ್ರಗಳ ಮೇಲೆ ಏಕೆ ಸುರಿಯುತ್ತದೆ? ರಾಜ್ಯಲೋಭ, ಕೀರ್ತಿಯ ಆಸೆ, ನೆರೆಯವರ ಮೇಲಣ ಮತ್ಸರ ಎಂಬ ಉತ್ತರಗಳು ನಮಗೆ ಬಾಯಿಪಾಠವಾಗಿವೆ. ಅವು ಸುಳ್ಳಲ್ಲ. ಆದರೆ ಇತಿಹಾಸವನ್ನು ಲೆಕ್ಕದ ಪುಸ್ತಕದಂತೆ ಪುಟ ಪುಟವಾಗಿ ತಿರುವಿ ನೋಡಿದವರಿಗೆ ಮತ್ತೊಂದು ಕಾರಣವೂ ಕಾಣಸಿಗುತ್ತದೆ. ರಕ್ಷಿಸುವೆನೆಂದು ಮಾತುಕೊಟ್ಟವನು ಆಪತ್ಕಾಲದಲ್ಲಿ ಕೈಬಿಟ್ಟರೆ, ಕೈಬಿಡಲ್ಪಟ್ಟವನು ಇನ್ನು ಮುಂದೆ ಮಾತನ್ನು ನಂಬದೆ ಅಸ್ತ್ರವನ್ನೇ ನಂಬುತ್ತಾನೆ. ಅವನನ್ನು ನೋಡಿದ ಮೂರನೆಯವನೂ ಅದೇ ಪಾಠವನ್ನು ಕಲಿಯುತ್ತಾನೆ. ಇಂದು ಅಣ್ವಸ್ತ್ರಗಳ ವಿಷಯದಲ್ಲಿ ಜಗತ್ತು ಎದುರಿಸುತ್ತಿರುವ ಗಂಡಾಂತರದ ಒಂದು ಬೇರು ಇಲ್ಲಿಯೇ ಇದೆ.

1769ರ ಕರಾರು

ಸೊರಬ, ಶಿಕಾರಿಪುರ, ನಮ್ಮ ಕುಪ್ಪಗಡ್ಡೆಯ ಸುತ್ತಣ ಊರುಗಳೆಲ್ಲವೂ ಕೆಳದಿ ಅರಸರ ಸೀಮೆಗೆ ಸೇರಿದ್ದವು. 1763ರಲ್ಲಿ ಹೈದರ್ ಅಲಿಯು ಬಿದನೂರನ್ನು ಹಿಡಿದನು. ಪಟ್ಟಕ್ಕೆ ತಾನೇ ಹಕ್ಕುದಾರನೆಂದು ಹೇಳಿಕೊಂಡವನೊಬ್ಬನಿಗೆ ನೆರವಾಗುವ ನೆಪದಿಂದ ಬಂದು, ರಾಜ್ಯವನ್ನು ತಾನೇ ಇಟ್ಟುಕೊಂಡನು. ಮಾತಿಗೆ ತಪ್ಪುವುದು ಒಂದೇ ಪಕ್ಷದ ದೋಷವಾಗಿರಲಿಲ್ಲವೆಂಬುದನ್ನು ಮೊದಲೇ ಒಪ್ಪಿಕೊಂಡು ಮುಂದುವರಿಯುವುದು ನ್ಯಾಯ. ಮರುವರ್ಷವೇ ಪೇಶ್ವೆ ಮಾಧವರಾಯನ ದಂಡು ಬಂದಿತು. 1764ರಲ್ಲಿ ರಟ್ಟೀಹಳ್ಳಿಯಲ್ಲಿ ಹೈದರನಿಗೆ ಸೋಲಾಯಿತು. ಅಲ್ಲಿಂದ ಅವನು ನಮ್ಮ ಆನವಟ್ಟಿಯ ಕಾಡಂಚಿಗೆ ಸರಿದು ಬೀಡುಬಿಟ್ಟನು. ಮರಾಠರ ಬಲವನ್ನು ತಾನೊಬ್ಬನೇ ತಡೆಯಲಾರೆನೆಂಬುದು ಅವನಿಗೆ ನಮ್ಮ ನೆಲದ ಮೇಲೆಯೇ ಮನವರಿಕೆಯಾಯಿತೆನ್ನಬಹುದು.

ಈ ಅರಿವಿನ ಹಿನ್ನೆಲೆಯಲ್ಲಿ ಮುಂದಿನ ಘಟನೆಯನ್ನು ನೋಡಬೇಕು. 1767ರಲ್ಲಿ ಆರಂಭವಾದ ಯುದ್ಧದಲ್ಲಿ ಹೈದರನು 1769ರಲ್ಲಿ ಮದರಾಸಿನ ಬಾಗಿಲವರೆಗೆ ನುಗ್ಗಿ, ಈಸ್ಟ್ ಇಂಡಿಯಾ ಕಂಪನಿಯನ್ನು ಸಂಧಿಗೆ ಒಪ್ಪಿಸಿದನು. ಗೆದ್ದವನು ನೆಲವನ್ನೋ ಹೊನ್ನನ್ನೋ ಕೇಳುವುದು ರೂಢಿ. ಹೈದರನು ಮುಖ್ಯವಾಗಿ ಕೇಳಿದ್ದು ಒಂದು ಮಾತನ್ನು. ಗೆದ್ದ ಪ್ರದೇಶಗಳನ್ನು ಉಭಯರೂ ಮರಳಿ ಕೊಡತಕ್ಕದ್ದು; ಇಬ್ಬರಲ್ಲಿ ಯಾರ ಮೇಲೆ ಪರರು ದಂಡೆತ್ತಿ ಬಂದರೂ ಮತ್ತೊಬ್ಬರು ನೆರವಿಗೆ ಬರತಕ್ಕದ್ದು. ಇದೇ 1769ರ ಏಪ್ರಿಲ್ ತಿಂಗಳಿನ ಮದರಾಸು ಒಪ್ಪಂದದ ತಿರುಳು.

ಮಸಿ ಆರುವಷ್ಟರಲ್ಲಿ ಪರೀಕ್ಷೆ ಬಂದಿತು. 1770ರಲ್ಲಿ ಮರಾಠರು ಮತ್ತೆ ಮೈಸೂರಿನ ಮೇಲೆ ಬಂದರು. 1771ರ ಮಾರ್ಚ್ ತಿಂಗಳಿನಲ್ಲಿ ಮೇಲುಕೋಟೆಯ ಸಮೀಪದ ಚಿನಕುರಳಿಯಲ್ಲಿ ಹೈದರನ ಸೈನ್ಯವು ಚೆಲ್ಲಾಪಿಲ್ಲಿಯಾಯಿತು. ಶ್ರೀರಂಗಪಟ್ಟಣಕ್ಕೇ ಮುತ್ತಿಗೆ ಬಿದ್ದಿತು. ಹೈದರನು ಮದರಾಸಿಗೆ ಮತ್ತೆ ಮತ್ತೆ ಹೇಳಿಕಳುಹಿಸಿದನು. ಅಲ್ಲಿಯ ಕೌನ್ಸಿಲ್ಲು ಯೋಚಿಸುತ್ತ ಕುಳಿತಿತು. ಹೈದರನ ವೈರಿಯಾದ ಆರ್ಕಾಟಿನ ನವಾಬ ಮಹಮ್ಮದಾಲಿಯು ಒಂದೆಡೆ ಎಳೆಯುತ್ತಿದ್ದನು. ಇಂಗ್ಲೆಂಡಿನ ದೊರೆಯ ಪ್ರತಿನಿಧಿಯಾಗಿ ಬಂದಿದ್ದ ಸರ್ ಜಾನ್ ಲಿಂಡ್ಸೆಯು ಮರಾಠರ ಪಕ್ಷವನ್ನು ವಹಿಸುವಂತೆ ಒತ್ತಾಯಿಸುತ್ತಿದ್ದನು. ಕಡೆಗೆ ಕಂಪನಿಯು ಮರಾಠರ ಕಡೆಗೂ ಹೋಗಲಿಲ್ಲ, ಕೊಟ್ಟ ಮಾತನ್ನೂ ಉಳಿಸಲಿಲ್ಲ. 1772ರಲ್ಲಿ ಹೈದರನು ಹಣವನ್ನೂ ಪ್ರದೇಶವನ್ನೂ ತೆತ್ತು ಮರಾಠರಿಂದ ಶಾಂತಿಯನ್ನು ಕೊಂಡನು.

ಈ ವಚನಭಂಗವನ್ನು ಅವನು ಜೀವಮಾನದುದ್ದಕ್ಕೂ ಮರೆಯಲಿಲ್ಲ. ಆಂಗ್ಲರ ಭರವಸೆಯಿಂದ ಬರಬೇಕಾಗಿದ್ದ ರಕ್ಷಣೆಯನ್ನು ಇನ್ನು ತನ್ನ ಕುಲುಮೆಗಳಿಂದಲೂ ಫ್ರೆಂಚರ ಹಡಗುಗಳಿಂದಲೂ ಪಡೆಯಲು ತೊಡಗಿದನು. ಮಲಬಾರಿನ ಮಾಹೆ ಬಂದರಿನ ಮೂಲಕ ಫ್ರೆಂಚ್ ಶಸ್ತ್ರಗಳು ಬರುತ್ತಿದ್ದವು. ಆ ಬಂದರು ತನ್ನ ರಕ್ಷಣೆಯಲ್ಲಿದೆಯೆಂದು ಅವನು ಎಚ್ಚರಿಸಿದ್ದರೂ ಕಂಪನಿಯು 1779ರಲ್ಲಿ ಅದನ್ನು ಹಿಡಿಯಿತು. 1780ರಲ್ಲಿ ಹೈದರನು ದೊಡ್ಡ ಸೈನ್ಯದೊಡನೆ ಕರ್ನಾಟಿಕ್ ಪ್ರಾಂತಕ್ಕೆ ನುಗ್ಗಿದನು. ಅದೇ ವರ್ಷದ ಸೆಪ್ಟೆಂಬರ್ 10ರಂದು ಪೊಳ್ಳಿಲೂರಿನಲ್ಲಿ ಕರ್ನಲ್ ಬೈಲಿಯ ದಳವು ನಾಶವಾಯಿತು. ಆಂಗ್ಲರ ಮದ್ದಿನ ಬಂಡಿಗಳು ಸ್ಫೋಟಗೊಂಡುದಕ್ಕೆ ಮೈಸೂರಿನ ಅಗ್ನಿಬಾಣಗಳೇ ಕಾರಣವೆಂದು ಹಲವರು ಬರೆದಿದ್ದಾರೆ.

ಅಗ್ನಿಬಾಣಗಳು 1772ರ ನಂತರವೇ ಹುಟ್ಟಿದುವೆಂದು ತಿಳಿಯಬಾರದು. ಅವು ಮೊದಲೂ ಇದ್ದವು. ಬೆಳೆದದ್ದು ಅವುಗಳ ಪ್ರಮಾಣ. ಹೈದರನ ಕಾಲದಲ್ಲಿ ಸುಮಾರು 1,200 ಇದ್ದ ಬಾಣಗಾರರ ಸಂಖ್ಯೆಯು ಟಿಪ್ಪುವಿನ ಕಾಲಕ್ಕೆ ಸುಮಾರು 5,000ಕ್ಕೆ ಏರಿತೆಂದು ಇತಿಹಾಸಕಾರರು ಅಂದಾಜು ಮಾಡಿದ್ದಾರೆ. ವಚನಭಂಗವೊಂದೇ ಇದಕ್ಕೆಲ್ಲ ಕಾರಣವೆಂದು ವಾದಿಸುವುದೂ ಅತಿರೇಕವಾದೀತು. ಅವನ ಮಹತ್ತ್ವಾಕಾಂಕ್ಷೆಯೂ ಇತ್ತು, ಫ್ರೆಂಚರ ಪ್ರೇರಣೆಯೂ ಇತ್ತು. ಆದರೆ ಮದರಾಸಿನ ಕರಾರು ನಡೆದಿದ್ದರೆ ಆ ಕಿಡಿಗಳಿಗೆ ಗಾಳಿ ಇಷ್ಟು ಬೇಗ ಸಿಗುತ್ತಿರಲಿಲ್ಲ.

ಅವಿಶ್ವಾಸದ ಬೀಜ ಮುಂದೆ ಬಿದನೂರಿನಲ್ಲಿಯೂ ಮೊಳೆಯಿತು. 1783ರ ಜನವರಿಯಲ್ಲಿ ಕಂಪನಿಯ ಜನರಲ್ ಮ್ಯಾಥ್ಯೂಸನು ಆ ನಗರವನ್ನು ಪಡೆದನು. ಏಪ್ರಿಲ್ ತಿಂಗಳಿನಲ್ಲಿ ಟಿಪ್ಪುವು ಮುತ್ತಿಗೆ ಹಾಕಿದಾಗ ಅವನು ಶರತ್ತಿನ ಮೇಲೆ ಶರಣಾದನು: ಖಜಾನೆಯನ್ನು ಒಪ್ಪಿಸತಕ್ಕದ್ದು, ಸೈನಿಕರನ್ನು ಸುರಕ್ಷಿತವಾಗಿ ಕಳುಹಿಸತಕ್ಕದ್ದು. ಖಜಾನೆ ಬರಿದಾಗಿತ್ತು, ಮಾತು ಮುರಿಯಿತೆಂದು ಟಿಪ್ಪುವು ಎಲ್ಲರನ್ನೂ ಸೆರೆಗೆ ಕಳುಹಿಸಿದನು. ಮ್ಯಾಥ್ಯೂಸನು ಸೆರೆಯಲ್ಲಿಯೇ ಸತ್ತನು. ಮೊದಲು ತಪ್ಪಿದವರು ನೀವೆಂದು ಉಭಯರೂ ಹೇಳಿದರು. ಒಮ್ಮೆ ಮಾತಿನ ಬೆಲೆ ಇಳಿದ ಮೇಲೆ ಸಾಯುವವನು ಸಾಮಾನ್ಯ ಸಿಪಾಯಿ.

1799ರಲ್ಲಿ ಶ್ರೀರಂಗಪಟ್ಟಣ ಬಿದ್ದಿತು. ಮೈಸೂರಿನ ಅಗ್ನಿಬಾಣಗಳು ಇಂಗ್ಲೆಂಡಿನ ವೂಲಿಚ್ ಶಸ್ತ್ರಾಗಾರವನ್ನು ತಲುಪಿದವು. ವಿಲಿಯಂ ಕಾಂಗ್ರೀವನು ಅವುಗಳ ಮಾದರಿಯಿಂದ ಹೊಸ ರಾಕೆಟ್ಟುಗಳನ್ನು ಮಾಡಿದನು. 1807ರಲ್ಲಿ ಅವುಗಳಿಂದ ಡೆನ್ಮಾರ್ಕಿನ ಕೋಪನ್‌ಹೇಗನ್ ನಗರವು ಉರಿಯಿತು. ಮೈಸೂರಿಗೂ ಕಂಪನಿಗೂ ಇದ್ದ ವ್ಯಾಜ್ಯದ ಬಡ್ಡಿಯನ್ನು ಯಾವ ಸಂಬಂಧವೂ ಇಲ್ಲದ ಊರಿನ ಮಕ್ಕಳು ಮರಿಗಳು ತೆತ್ತರು. ಅಸ್ತ್ರವು ಮಾಡಿದವನ ಮನೆಯಲ್ಲಿಯೇ ನಿಲ್ಲುವುದಿಲ್ಲ.

ಭಾರತಕ್ಕೆ ದೊರೆಯದ ಖಾತರಿ

ಇದೇ ಕಥೆಯ ಮತ್ತೊಂದು ರೂಪವು ಸ್ವತಂತ್ರ ಭಾರತದಲ್ಲಿ ನಡೆಯಿತು. 1956ರಲ್ಲಿ ಡಾ. ದೌಲತ್ ಸಿಂಗ್ ಕೊಠಾರಿಯವರ ನೇತೃತ್ವದಲ್ಲಿ, ಪರಮಾಣು ಸ್ಫೋಟಗಳ ಪರಿಣಾಮಗಳನ್ನು ಕುರಿತ ಗ್ರಂಥವೊಂದು ಭಾರತ ಸರಕಾರದಿಂದ ಹೊರಬಂದಿತು. ನೆಹರೂರವರು ಮುನ್ನುಡಿ ಬರೆದರು. ಅಣುಬಾಂಬು ಬೇಡವೆಂಬುದೇ ಆಗ ದೇಶದ ನೀತಿ. 1964ರ ಅಕ್ಟೋಬರ್ 16ರಂದು ಚೀನವು ಅಣುಪರೀಕ್ಷೆಯನ್ನು ನಡೆಸಿತು. 1962ರ ಗಾಯ ಇನ್ನೂ ಆರಿರಲಿಲ್ಲ. ಅಣ್ವಸ್ತ್ರವನ್ನು ಬಯಸದ ರಾಷ್ಟ್ರಗಳಿಗೆ ಬೆದರಿಕೆ ಬಂದರೆ ಅಮೆರಿಕದ ಬೆಂಬಲವಿದೆಯೆಂದು ಅಧ್ಯಕ್ಷ ಜಾನ್ಸನ್ ಎರಡು ದಿನಗಳಲ್ಲಿಯೇ ಸಾರಿದರು. ಡಿಸೆಂಬರಿನಲ್ಲಿ ಲಂಡನ್ನಿಗೆ ಹೋದ ಲಾಲ್ ಬಹದ್ದೂರ್ ಶಾಸ್ತ್ರಿಯವರು ಅಣ್ವಸ್ತ್ರವಿಲ್ಲದ ರಾಷ್ಟ್ರಗಳಿಗೆ ಭದ್ರತೆಯ ಖಾತರಿ ಬೇಕೆಂಬ ವಿಚಾರವನ್ನೆತ್ತಿದರು.

1967ರ ಏಪ್ರಿಲ್ ತಿಂಗಳಿನಲ್ಲಿ ಎಲ್.ಕೆ. ಝಾ ಅವರು ಇಂತಹ ಖಾತರಿಯನ್ನು ಅರಸಿ ಮಹಾರಾಷ್ಟ್ರಗಳ ರಾಜಧಾನಿಗಳಿಗೆ ಹೋದರು. ವಾಷಿಂಗ್ಟನ್ನಿನಲ್ಲಿ ಅವರೊಡನಿದ್ದವರು ಅಣುಶಕ್ತಿ ಆಯೋಗದ ಅಧ್ಯಕ್ಷರಾದ ಡಾ. ವಿಕ್ರಮ್ ಸಾರಾಭಾಯಿ. ಅಹಮದಾಬಾದಿನ ಜೈನ ವರ್ತಕ ಮನೆತನದಲ್ಲಿ ಹುಟ್ಟಿದ ಅವರು ಬಾಂಬಿನ ಮಾರ್ಗವನ್ನು ಮನಃಪೂರ್ವಕವಾಗಿ ಒಪ್ಪದವರು. ಬಾಂಬು ಬೇಡವೆನ್ನುವವರೇ ಖಾತರಿಯನ್ನು ಕೇಳಲು ಹೋದುದನ್ನು ನಾವು ಗಮನಿಸಬೇಕು. ದೊರೆತದ್ದು ಮಾತ್ರ 1968ರ ಜೂನ್ 19ರ ಭದ್ರತಾ ಮಂಡಲಿಯ 255ನೆಯ ನಿರ್ಣಯ. ಅಣ್ವಸ್ತ್ರದ ಆಕ್ರಮಣವಾದರೆ ಮಂಡಲಿಯು ಕಾರ್ಯಪ್ರವೃತ್ತವಾಗುವುದೆಂಬ ಸಾಮಾನ್ಯ ಆಶ್ವಾಸನೆ ಅದರಲ್ಲಿತ್ತು. ಭಾರತವು ಮತ ನೀಡದೆ ಉಳಿಯಿತು. ಅಣ್ವಸ್ತ್ರ ಪ್ರಸರಣ ತಡೆ ಒಪ್ಪಂದಕ್ಕೂ ಸಹಿ ಹಾಕಲಿಲ್ಲ.

1971ರ ಡಿಸೆಂಬರಿನಲ್ಲಿ ಅಮೆರಿಕದ ಯುದ್ಧನೌಕೆ ಎಂಟರ್‌ಪ್ರೈಸ್ ಬಂಗಾಳ ಕೊಲ್ಲಿಯ ಕಡೆಗೆ ಬಂದಿತು. ಬೆಂಬಲವಿದೆಯೆಂದು 1964ರಲ್ಲಿ ಸಾರಿದ್ದ ದೇಶದಿಂದಲೇ ಬೆದರಿಕೆ ಬಂದಂತೆ ಭಾರತೀಯರಿಗೆ ತೋರಿತು. ಅದೇ ತಿಂಗಳ 30ರಂದು ಸಾರಾಭಾಯಿಯವರು ತೀರಿಕೊಂಡರು. 1974ರ ಮೇ 18ರಂದು ಪೋಖ್ರಾಣ್‌ನಲ್ಲಿ ನಡೆದ ಸ್ಫೋಟದ ಹಿಂದಿನ ಮುಖ್ಯ ವಿಜ್ಞಾನಿ ನಮ್ಮ ತುಮಕೂರಿನಲ್ಲಿ ಹುಟ್ಟಿದ ಡಾ. ರಾಜಾ ರಾಮಣ್ಣನವರು. 1998ರ ಮೇ ತಿಂಗಳಿನ ಪರೀಕ್ಷೆಗಳು ಆ ದಾರಿಯ ಮುಂದಿನ ಹೆಜ್ಜೆ. ಅತ್ತ ಪಾಕಿಸ್ತಾನವೂ ಅಮೆರಿಕದ ಕೂಟಗಳಲ್ಲಿದ್ದುಕೊಂಡು 1965ರಲ್ಲಿಯೂ 1971ರಲ್ಲಿಯೂ ತನ್ನನ್ನು ಯಾರೂ ಉಳಿಸಲಿಲ್ಲವೆಂದು ಭಾವಿಸಿತು; 1972ರ ಜನವರಿಯಲ್ಲಿ ಭುಟ್ಟೋ ಅವರು ಮುಲ್ತಾನಿನಲ್ಲಿ ವಿಜ್ಞಾನಿಗಳನ್ನು ಸೇರಿಸಿ ಬಾಂಬಿನ ಸಂಕಲ್ಪ ಮಾಡಿದರು. ಕೊಡದ ಮಾತು ಇಲ್ಲಿ, ನಡೆಯದ ಮಾತು ಅಲ್ಲಿ. ಫಲ ಎರಡೂ ಕಡೆ ಒಂದೇ.

ಬುಡಾಪೆಸ್ಟಿನ ಸಹಿ

ಉಕ್ರೇನಿನ ಪ್ರಸಂಗವು ಇವೆಲ್ಲಕ್ಕಿಂತ ಸ್ಪಷ್ಟವಾದದ್ದು. 1991ರಲ್ಲಿ ಸೋವಿಯತ್ ಒಕ್ಕೂಟವು ಒಡೆದಾಗ ಸುಮಾರು 1,900 ದೂರಗಾಮಿ ಅಣುಸಿಡಿತಲೆಗಳು ಉಕ್ರೇನಿನ ನೆಲದಲ್ಲಿ ಉಳಿದವು. ಅವುಗಳನ್ನು ಹಾರಿಸುವ ಸಂಕೇತಗಳು ಮಾಸ್ಕೋದ ಕೈಯಲ್ಲಿದ್ದವೆಂಬುದು ನಿಜ. ಆದರೂ ಸಂಗ್ರಹದ ದೃಷ್ಟಿಯಿಂದ ಅದು ಜಗತ್ತಿನಲ್ಲಿ ಮೂರನೆಯ ಸ್ಥಾನ. 1994ರ ಡಿಸೆಂಬರ್ 5ರಂದು ಬುಡಾಪೆಸ್ಟ್ ನಗರದಲ್ಲಿ ರಷ್ಯ, ಅಮೆರಿಕ, ಬ್ರಿಟನ್ನುಗಳು ಉಕ್ರೇನಿನ ಗಡಿಗಳನ್ನು ಗೌರವಿಸುವುದಾಗಿಯೂ ಅದರ ಮೇಲೆ ಬಲಪ್ರಯೋಗ ಮಾಡುವುದಿಲ್ಲವೆಂದೂ ಸಹಿ ಹಾಕಿದವು. 1996ರ ಜೂನ್ ವೇಳೆಗೆ ಸಿಡಿತಲೆಗಳೆಲ್ಲ ರಷ್ಯಕ್ಕೆ ಹೋದವು. 2014ರಲ್ಲಿ ರಷ್ಯವು ಕ್ರಿಮಿಯವನ್ನು ಸೇರಿಸಿಕೊಂಡಿತು. 2022ರ ಫೆಬ್ರವರಿ 24ರಂದು ಪೂರ್ಣ ಪ್ರಮಾಣದ ಯುದ್ಧವನ್ನು ಹೂಡಿತು.

ಸಾಲಪತ್ರ ಬರೆಸಿಕೊಳ್ಳುವ ಯಾವ ವ್ಯಾಪಾರಿಯೂ ಮೂರು ಸಂಗತಿಗಳನ್ನು ವಿಚಾರಿಸುತ್ತಾನೆ. ಜಾಮೀನು ನಿಲ್ಲುವವರು ಯಾರು? ಅವರು ಒತ್ತೆಯಿಡುವ ಸ್ವತ್ತು ಯಾವುದು? ತಪ್ಪಿದರೆ ತೀರ್ಮಾನ ಹೇಳುವವರು ಯಾರು? ಬುಡಾಪೆಸ್ಟಿನ ಪತ್ರದಲ್ಲಿ ಮೊದಲ ಪ್ರಶ್ನೆಗೆ ಮಾತ್ರ ಉತ್ತರವಿತ್ತು. ಖಾತರಿ ಎಂಬ ಪದವನ್ನು ಬಿಟ್ಟು ಭರವಸೆ ಎಂಬ ಮೆತ್ತನೆಯ ಪದವನ್ನು ಅಮೆರಿಕದವರು ಬುದ್ಧಿಪೂರ್ವಕವಾಗಿಯೇ ಆರಿಸಿಕೊಂಡಿದ್ದರು. ಸೈನ್ಯ ಕಳುಹಿಸುವ ಬಾಧ್ಯತೆ ಯಾರಿಗೂ ಇರಲಿಲ್ಲ. ತಕರಾರು ಹೋಗಬೇಕಾಗಿದ್ದುದು ಭದ್ರತಾ ಮಂಡಲಿಗೆ. ಅಲ್ಲಿ ರಷ್ಯಕ್ಕೇ ನಿಷೇಧಾಧಿಕಾರ. ಆರೋಪಿಯೇ ನ್ಯಾಯಪೀಠದಲ್ಲಿ ಕುಳಿತಂತಾಯಿತು. 1769ರ ಕರಾರಿನಲ್ಲಿಯೂ ನೆರವು ಕಳುಹಿಸಬೇಕೋ ಬೇಡವೋ ಎಂಬ ತೀರ್ಮಾನವು ಮಾತುಕೊಟ್ಟ ಕೌನ್ಸಿಲ್ಲಿನ ಕೈಯಲ್ಲಿಯೇ ಇತ್ತು.

ಇದನ್ನೆಲ್ಲ ಬೇರೆ ರಾಷ್ಟ್ರಗಳು ಕಣ್ಣಿಟ್ಟು ನೋಡುತ್ತವೆ. 2003ರಲ್ಲಿ ಲಿಬಿಯವು ಅಣುಯೋಜನೆಯನ್ನು ಬಿಟ್ಟಿತು. 2011ರಲ್ಲಿ ಹೊರಗಿನ ವಿಮಾನಗಳ ದಾಳಿಯ ನಡುವೆ ಅಲ್ಲಿಯ ಆಡಳಿತ ಉರುಳಿತು. ಉತ್ತರ ಕೊರಿಯ ಇದನ್ನೇ ಬೆರಳಿಟ್ಟು ತೋರಿಸುತ್ತ ಬಂದಿದೆ. ಇರಾನಿನೊಡನೆ 2015ರಲ್ಲಿ ಮಾಡಿಕೊಂಡ ಒಪ್ಪಂದದಿಂದ ಅಮೆರಿಕವು 2018ರಲ್ಲಿ ಹೊರನಡೆಯಿತು. 2021ರಿಂದ ಇರಾನು ಯುರೇನಿಯಮನ್ನು ನೂರಕ್ಕೆ 60ರ ಮಟ್ಟಕ್ಕೆ ಸಾಂದ್ರಗೊಳಿಸತೊಡಗಿತು. 2025ರ ಜೂನ್ ತಿಂಗಳಿನಲ್ಲಿ ಅದರ ಅಣುಕೇಂದ್ರಗಳ ಮೇಲೆ ಬಾಂಬು ಬಿದ್ದವು. ಈ ಆಡಳಿತಗಳು ಸಾಧುಗಳೆಂದು ಯಾರೂ ಹೇಳರು. ಆದರೆ ದುಷ್ಟನೊಡನೆ ಮಾಡಿದ ಕರಾರನ್ನು ಮುರಿದರೆ ಸಜ್ಜನನೂ ಮುಂದೆ ಕರಾರಿಗೆ ಹೆದರುತ್ತಾನೆ. ಮಂಡಿಯಲ್ಲಿ ಒಬ್ಬ ದೊಡ್ಡ ಸಾಹುಕಾರನ ಹುಂಡಿ ತಿರುಗಿ ಬಂದರೆ ಅಂದಿನಿಂದ ಎಲ್ಲರೂ ನಗದನ್ನೇ ಕೇಳುತ್ತಾರೆ, ತಿಜೋರಿಯಲ್ಲಿ ಬಚ್ಚಿಡುತ್ತಾರೆ. ರಾಷ್ಟ್ರಗಳ ತಿಜೋರಿಯಲ್ಲಿ ಬಚ್ಚಿಡುವ ನಗದು ಅಣ್ವಸ್ತ್ರ. 2022ರ ಸಮೀಕ್ಷೆಯೊಂದರಲ್ಲಿ ದಕ್ಷಿಣ ಕೊರಿಯದ ಹತ್ತು ಜನರಲ್ಲಿ ಏಳು ಮಂದಿ ತಮ್ಮದೇ ಅಣ್ವಸ್ತ್ರ ಬೇಕೆಂದರು.

ಅದೇ ದಕ್ಷಿಣ ಕೊರಿಯವು ಎದುರು ಉದಾಹರಣೆಯನ್ನೂ ಒದಗಿಸುತ್ತದೆ. 1971ರಲ್ಲಿ ಅಮೆರಿಕವು ತನ್ನ ಸುಮಾರು 20,000 ಸೈನಿಕರನ್ನು ಹಿಂದಕ್ಕೆ ಕರೆಸಿದಾಗ ಅಲ್ಲಿಯ ಸರಕಾರವು ಗುಟ್ಟಾಗಿ ಅಣುಯೋಜನೆಯನ್ನು ಆರಂಭಿಸಿತು. ಅಮೆರಿಕದ ಒತ್ತಡವೂ ಉಳಿದ ಸೈನ್ಯದ ಭರವಸೆಯೂ ಕೂಡಿ ಆ ಯೋಜನೆ ನಿಂತಿತು. 1975ರಲ್ಲಿ ಅದು ಪ್ರಸರಣ ತಡೆ ಒಪ್ಪಂದವನ್ನು ಅಂಗೀಕರಿಸಿತು. ಕಣ್ಣೆದುರಿಗೆ ಕಾಣುವ ಮಾತು ಅಸ್ತ್ರವನ್ನು ತಡೆಯಬಲ್ಲದು.

ನಡೆದ ಮಾತಿನ ಬಲ

ನಮ್ಮ ನಾಡಿನಲ್ಲಿ ಇಂತಹ ಮಾತಿಗೆ ಮಾದರಿಗಳಿಲ್ಲದೆ ಇಲ್ಲ. ಸೊರಬ, ಶಿಕಾರಿಪುರ ತಾಲೂಕುಗಳ ಊರೂರಿನಲ್ಲಿಯೂ ವೀರಗಲ್ಲುಗಳಿವೆ. ತುರುಗಳನ್ನು ಬಿಡಿಸಲು ಹೋಗಿ ಮಡಿದವನ ಮನೆಯವರಿಗೆ ನೆತ್ತರುಕೊಡಗೆಯೆಂದು ಭೂಮಿಯನ್ನು ಬಿಡುತ್ತಿದ್ದ ಪದ್ಧತಿಯು ಊರು ಮತ್ತು ಕಾವಲುಗಾರನ ನಡುವಣ ಕರಾರೇ ಸರಿ. 1689ರಲ್ಲಿ ಶಿವಾಜಿಯ ಮಗ ರಾಜಾರಾಮನು ವೇಷಮರೆಸಿಕೊಂಡು ಬಂದಾಗ ಕೆಳದಿಯ ಚೆನ್ನಮ್ಮಾಜಿಯು ಆಶ್ರಯವಿತ್ತು ಜಿಂಜಿಯ ಕಡೆಗೆ ಸಾಗಿಸಿದಳು. ಔರಂಗಜೇಬನ ಸೈನ್ಯವು ಬಿದನೂರಿನ ಮೇಲೆ ಬಂದರೂ ಮಾತು ಬಿಡಲಿಲ್ಲ, ಕೊನೆಗೆ ಸಂಧಿಯಾಯಿತು. ಮುಂದೆ ಬೆಂಕಿಬಾಣಗಳನ್ನು ಹೂತ ಅದೇ ಬಿದನೂರು ಅಂದು ಶರಣಾಗತನಿಗೆ ಕೊಟ್ಟ ಮಾತನ್ನು ಕಾಯ್ದಿತ್ತು.

ಇನ್ನೂ ಹೆಚ್ಚು ವಿಚಾರಾರ್ಹವಾದದ್ದು ಶ್ರವಣಬೆಳಗೊಳದ 1368ರ ಬುಕ್ಕರಾಯನ ಶಾಸನ. ಭಕ್ತರಿಂದ ತಮಗಾಗುತ್ತಿದ್ದ ಅನ್ಯಾಯವನ್ನು ಜೈನರು ಬಿನ್ನವಿಸಿಕೊಂಡಾಗ, ಅರಸನು ಶ್ರೀವೈಷ್ಣವರ ಮುಖ್ಯರನ್ನು ಕರೆಸಿ, ಅವರ ಕೈಯಲ್ಲಿ ಜೈನರ ಕೈಯನ್ನಿರಿಸಿ, ಎರಡು ದರ್ಶನಗಳಿಗೂ ಭೇದವಿಲ್ಲವೆಂದು ಸಾರಿದನು. ಅಷ್ಟಕ್ಕೆ ಬಿಟ್ಟಿದ್ದರೆ ಅದೂ ಬುಡಾಪೆಸ್ಟಿನ ಪತ್ರದಂತೆ ಆಗುತ್ತಿತ್ತೇನೋ. ರಾಜ್ಯದ ಜೈನರ ಮನೆಮನೆಗೆ ವರ್ಷಕ್ಕೆ ಒಂದು ಹಣದಂತೆ ಕೂಡಿಸಿ, ಬೆಳಗೊಳದ ದೇವರ ರಕ್ಷಣೆಗೆ ಇಪ್ಪತ್ತು ಮಂದಿ ಕಾವಲಿನವರನ್ನು ನೇಮಿಸತಕ್ಕದ್ದು; ಮಿಕ್ಕ ಹಣದಿಂದ ಜೀರ್ಣ ಜಿನಾಲಯಗಳಿಗೆ ಸುಣ್ಣ ಬಳಿಸತಕ್ಕದ್ದು. ಇದನ್ನು ನಡೆಸುವ ಹೊಣೆ ತಿರುಮಲೆಯ ತಾತಯ್ಯನವರದು, ಅಂದರೆ ಎದುರು ಪಕ್ಷದ ಹಿರಿಯರದೇ. ತಪ್ಪಿದವನು ರಾಜದ್ರೋಹಿ, ಸಂಘದ್ರೋಹಿ. ವ್ಯಾಪಾರಿಯ ಮೂರು ಪ್ರಶ್ನೆಗಳಿಗೂ ಈ ಕಲ್ಲಿನಲ್ಲಿ ಉತ್ತರವಿದೆ: ಹೊಣೆಗಾರನ ಹೆಸರಿದೆ, ವರ್ಷ ವರ್ಷವೂ ನವೀಕರಣಗೊಳ್ಳುವ ನಿಧಿಯಿದೆ, ತೀರ್ಪು ಹೇಳುವ ಅರಸನಿದ್ದಾನೆ.

ಸತ್ಯಾಣುವ್ರತದ ಅತಿಚಾರಗಳಲ್ಲಿ ನ್ಯಾಸಾಪಹಾರವೂ ಒಂದು. ನಂಬಿ ಇಟ್ಟ ಒತ್ತೆಯನ್ನು ಮಾತಿನ ಚಾತುರ್ಯದಿಂದ ಕಡಿಮೆಮಾಡಿ ಹಿಂದಿರುಗಿಸುವುದು ಕಳವಿನೊಡನೆ ಸುಳ್ಳೂ ಆಗುತ್ತದೆಂಬುದು ಇದರ ಭಾವ. ಆಯುಧವನ್ನು ಕೆಳಗಿಟ್ಟ ರಾಷ್ಟ್ರವು ತನ್ನ ಪ್ರಾಣವನ್ನೇ ನ್ಯಾಸವಾಗಿ ಇರಿಸುತ್ತದೆ. ಇನ್ನು, ಆತ್ಮರಕ್ಷಣೆಗಾಗಿ ಗೃಹಸ್ಥನಿಗೆ ಅನಿವಾರ್ಯವಾದ ವಿರೋಧೀ ಹಿಂಸೆಯ ಲೆಕ್ಕದಲ್ಲಿ ಅಣ್ವಸ್ತ್ರವನ್ನು ಸೇರಿಸಲಾದೀತೇ? ಎದುರಾಳಿಯನ್ನೂ ತೊಟ್ಟಿಲ ಕೂಸನ್ನೂ ಒಂದೇ ಕ್ಷಣದಲ್ಲಿ ಸುಡುವ ಅಸ್ತ್ರಕ್ಕೆ ಆ ವಿನಾಯಿತಿ ಸಲ್ಲದು. ಹಾಗೆಂದು ಭಯಗೊಂಡ ರಾಷ್ಟ್ರಕ್ಕೆ ಅಹಿಂಸೆಯನ್ನು ಉಪದೇಶಿಸಿ ಸುಮ್ಮನಾಗುವುದೂ ನ್ಯಾಯವಲ್ಲ. ಭಯವನ್ನು ಹುಟ್ಟಿಸಿದ ವಚನಭಂಗದ ಪಾಪದಲ್ಲಿ ಮಾತು ಮುರಿದವನಿಗೇ ಹಿರಿಯ ಪಾಲು.

ಭಾರತವು ಇಂದು ಮಾತು ಕೇಳುವ ರಾಷ್ಟ್ರವಾಗಿ ಮಾತ್ರ ಉಳಿದಿಲ್ಲ, ಮಾತು ಕೊಟ್ಟ ರಾಷ್ಟ್ರವೂ ಆಗಿದೆ. ಅಣ್ವಸ್ತ್ರವನ್ನು ತಾನು ಮೊದಲು ಪ್ರಯೋಗಿಸುವುದಿಲ್ಲ, ಅಣ್ವಸ್ತ್ರವಿಲ್ಲದ ರಾಷ್ಟ್ರಗಳ ಮೇಲೆ ಪ್ರಯೋಗಿಸುವುದಿಲ್ಲ ಎಂದು 2003ರ ಜನವರಿಯಲ್ಲಿ ನಮ್ಮ ಸರಕಾರವು ಪ್ರಕಟಿಸಿದೆ. 1998ರ ಅನಂತರ ಪರೀಕ್ಷೆಗಳನ್ನು ತಾನಾಗಿ ನಿಲ್ಲಿಸಿದೆ. ಈ ಮಾತನ್ನು ಬಿಡಬೇಕೆಂಬ ಕೂಗು ಆಗಾಗ ಏಳುತ್ತದೆ. ಮತದಾರರಾದ ನಾವು ಆಗ ಮೌನವಾಗಿರಬಾರದು. ಜಗತ್ತಿನಲ್ಲಿ ಸುಮಾರು 12,000 ಅಣುಸಿಡಿತಲೆಗಳಿರುವಾಗ ನಮ್ಮ ಒಂದು ಮಾತಿಗೆ ಏನು ಬೆಲೆಯೆಂದು ಕೇಳುವವರಿಗೆ ಬೆಳಗೊಳದ ಕಲ್ಲನ್ನು ತೋರಿಸಬಹುದು. ನಮ್ಮ ಬಸದಿಗಳ ವಿಶ್ವಸ್ತ ಮಂಡಲಿಗಳಿಗೂ ಇದೇ ಮಾತು ಅನ್ವಯಿಸುತ್ತದೆ. ದಾನಿಯೊಬ್ಬನು ಮೂವತ್ತು ವರ್ಷಗಳ ಹಿಂದೆ ಇಟ್ಟ ಶಾಶ್ವತ ಪೂಜೆಯ ನಿಧಿಗೆ, ಅವನ ಮಕ್ಕಳು ಮರೆತಿದ್ದರೂ, ಆ ದಿನದ ಪೂಜೆ ಸಲ್ಲಲೇಬೇಕು. ಸಣ್ಣ ಮಾತುಗಳನ್ನು ನಡೆಸುವ ಸಮಾಜದಿಂದಲೇ ದೊಡ್ಡ ಮಾತುಗಳನ್ನು ನಡೆಸುವ ರಾಷ್ಟ್ರ ಹುಟ್ಟಬೇಕು.